ಪುಸ್ತಕ ಮುಚ್ಚಿದ ಮೇಲೆ ಉಳಿಯುವುದೇನು?



ಜುಲೈ 31ರಂದು ಧರ್ಮಸಭೆಯು ಲೊಯೋಲದ ಸಂತ ಇಗ್ನೇಷಿಯಸರ ಹಬ್ಬವನ್ನು ಆಚರಿಸುತ್ತದೆ. ಯೇಸುಸಭೆಯ ಸ್ಥಾಪಕರೆಂದು ಅವರನ್ನು ನಾವೆಲ್ಲರೂ ಬಲ್ಲೆವು. ಆದರೆ ಅವರ ಮನಪರಿವರ್ತನೆ ಮೊದಲಾದದ್ದು ರೋಗಶಯ್ಯೆಯಲ್ಲಿ, ಪುಸ್ತಕಗಳ ಮೂಲಕ ಎಂಬುದನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ.

1521ರ ಮೇ ತಿಂಗಳಲ್ಲಿ ಸ್ಪೇನಿನ ಪಾಂಪ್ಲೋನ ಕೋಟೆಯ ಕಾಳಗದಲ್ಲಿ ಫಿರಂಗಿ ಗುಂಡು ಬಡಿದು ಅವರ ಕಾಲು ಮುರಿಯಿತು. ಲೊಯೋಲದ ಮನೆಯಲ್ಲಿ ತಿಂಗಳುಗಟ್ಟಲೆ ಮಲಗಿರಬೇಕಾಯಿತು. ಹೊತ್ತು ಕಳೆಯಲು ಅವರು ಕೇಳಿದ್ದು ವೀರಯೋಧರ ಸಾಹಸಕಥೆಗಳನ್ನು. ಅಂಥವು ಆ ಮನೆಯಲ್ಲಿ ಇರಲಿಲ್ಲ. ಸಿಕ್ಕಿದ್ದು ಕ್ರಿಸ್ತರ ಜೀವನಚರಿತ್ರೆ ಮತ್ತು ಸಂತರ ಕಥೆಗಳು. ಬೇರೇನೂ ಇಲ್ಲದ್ದರಿಂದ ಅವನ್ನೇ ಓದಿದರು. ಓದುತ್ತ ಒಂದು ವಿಷಯ ಅವರ ಗಮನಕ್ಕೆ ಬಂತು. ಲೋಕದ ಕೀರ್ತಿಯ ಕನಸು ಕಾಣುವಾಗ ಮನಸ್ಸಿಗೆ ಹಿತ. ಕನಸು ಮುಗಿದರೆ ಬರೀ ಬೇಸರ. ಸಂತರಂತೆ ಬಾಳಬೇಕೆಂದು ನೆನೆದಾಗಲೋ, ಆ ಯೋಚನೆ ಮುಗಿದ ಮೇಲೂ ಸಮಾಧಾನ ಉಳಿಯುತ್ತಿತ್ತು.

ನಮ್ಮ ಓದಿಗೂ ಇದೇ ಅಳತೆಗೋಲು. ಪುಸ್ತಕ ಓದುವಾಗ ಎಷ್ಟು ರುಚಿಸಿತು ಎನ್ನುವುದಕ್ಕಿಂತ, ಮುಚ್ಚಿಟ್ಟ ಮೇಲೆ ನಮ್ಮಲ್ಲಿ ಏನು ಉಳಿಯಿತು ಎಂದು ಕೇಳಿಕೊಳ್ಳಬೇಕು.

ಆ ಓದಿನ ಫಲ ನಮ್ಮ ನಾಡಿಗೂ ತಲುಪಿತು. 1540ರಲ್ಲಿ ಜಗದ್ಗುರುಗಳ ಮನ್ನಣೆ ಪಡೆದ ಯೇಸುಸಭೆಯ ಇಟಲಿಯ ಗುರು ಲಿಯೊನಾರ್ಡೊ ಚಿನ್ನಾಮಿಯವರು 17ನೇ ಶತಮಾನದ ನಡುಭಾಗದಲ್ಲಿ ಶ್ರೀರಂಗಪಟ್ಟಣಕ್ಕೆ ಬಂದರು. ಕನ್ನಡ ಕಲಿತು, ಕನ್ನಡದಲ್ಲೇ ಧರ್ಮೋಪದೇಶದ ಪುಸ್ತಕ ಬರೆದರು. ಜನರು ತಮಗೆ ತಿಳಿಯುವ ಮಾತಿನಲ್ಲಿ ವಿಶ್ವಾಸವನ್ನು ಅರಿಯಬೇಕೆಂಬುದೇ ಅವರ ಹಂಬಲ.

ಈ ಮಾತು ಒಡೆಯರಪಾಳ್ಯ, ಮಾರ್ಟಳ್ಳಿ ಕಡೆಯ ನಮ್ಮ ಕುಟುಂಬಗಳಿಗೆ ಬಹಳ ಹತ್ತಿರದ್ದು. ಕೊಳ್ಳೇಗಾಲ ತಾಲ್ಲೂಕು 1956ರವರೆಗೆ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಇಂದಿಗೂ ಎಷ್ಟೋ ಮನೆಗಳಲ್ಲಿ ಅಜ್ಜಿಗೆ ಜಪಮಾಲೆ ಬಾಯಿಗೆ ಬರುವುದು ತಮಿಳಿನಲ್ಲಿ. ಮೊಮ್ಮಗಳು ಶಾಲೆಯಲ್ಲಿ ಕಲಿತದ್ದು ಕನ್ನಡ. ಪುಸ್ತಕವನ್ನು ತಂದು ಕಪಾಟಿನಲ್ಲಿಟ್ಟರೆ ಅದು ಅಜ್ಜಿಗೆ ದಕ್ಕುವುದಿಲ್ಲ. ಮೊಮ್ಮಗಳು ಗಟ್ಟಿಯಾಗಿ ಓದಲಿ, ಅಜ್ಜಿ ತನ್ನ ಬಾಳಿನ ಅನುಭವದಿಂದ ಅದಕ್ಕೆ ಅರ್ಥ ಹೇಳಲಿ. ಆಗ ಇಬ್ಬರಿಗೂ ದಕ್ಕುತ್ತದೆ. ಪ್ರೇಷಿತರ ಕಾರ್ಯಕಲಾಪಗಳ 8ನೇ ಅಧ್ಯಾಯದಲ್ಲಿ ಇಥಿಯೋಪಿಯದ ಅಧಿಕಾರಿಯೊಬ್ಬ ರಥದಲ್ಲಿ ಕುಳಿತು ಪ್ರವಾದಿ ಯೆಶಾಯನ ಗ್ರಂಥ ಓದುತ್ತಿದ್ದ. ಗಟ್ಟಿಯಾಗಿ ಓದುತ್ತಿದ್ದುದರಿಂದಲೇ ಅದು ಫಿಲಿಪ್ಪನ ಕಿವಿಗೆ ಬಿತ್ತು. ಅರ್ಥ ಹೇಳುವವರು ಬೇಕೆಂದು ಆ ಅಧಿಕಾರಿ ಒಪ್ಪಿಕೊಂಡು, ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡ. ದಾರಿ ಮುಗಿಯುವ ಮುನ್ನವೇ ದೀಕ್ಷಾಸ್ನಾನ ಪಡೆದ.

ಆದರೆ ಯೇಸುವಿನ ಹೆಸರು ಹೊತ್ತ ಪುಸ್ತಕಗಳೆಲ್ಲ ಒಂದೇ ಅಲ್ಲ ಎಂಬ ಎಚ್ಚರ ನಮಗಿರಲಿ. ಮಳೆ ಕೈಕೊಟ್ಟಾಗ, ಕಾಡಾನೆ ಫಸಲು ತುಳಿದಾಗ, ಸಾಲ ಬೆಳೆದಾಗ ಮನಸ್ಸು ಕುಗ್ಗುವುದು ಸಹಜ. ಗಟ್ಟಿಯಾಗಿ ನಂಬಿದರೆ ಸಾಲ ತೀರುತ್ತದೆ, ಕಾಯಿಲೆ ಓಡುತ್ತದೆ ಎಂದು ಭರವಸೆ ಕೊಡುವ ಪುಸ್ತಕಗಳಿವೆ. ಸಾಲ ತೀರದಿದ್ದರೆ ಓದಿದವರು ತಮ್ಮ ವಿಶ್ವಾಸವೇ ಸಾಲದೆಂದು ಕೊರಗುತ್ತಾರೆ. ಮೊದಲೇ ಹೊರೆ ಹೊತ್ತವರ ತಲೆಯ ಮೇಲೆ ಇನ್ನೊಂದು ಹೊರೆ! ಗೆತ್ಸೆಮನಿ ತೋಪಿನಲ್ಲಿ ಬೆವರಿ ಪ್ರಾರ್ಥಿಸಿದ ಪ್ರಭುವಿನ ವಿಶ್ವಾಸಕ್ಕೆ ಕೊರತೆಯಿತ್ತೇ? ಶಿಲುಬೆಯನ್ನು ಮರೆಮಾಡುವ ಪುಸ್ತಕ ನಮ್ಮನ್ನು ಬಹಳ ದೂರ ಕರೆದೊಯ್ಯಲಾರದು.

ಲಿಸ್ಯೂವಿನ ಸಂತ ತೆರೇಸಾ ‘ಕ್ರಿಸ್ತಾನುಕರಣೆ’ಯನ್ನು ಹೆಚ್ಚುಕಡಿಮೆ ಬಾಯಿಪಾಠ ಮಾಡಿದ್ದರು. ಆದರೂ ಮನಸ್ಸು ಒಣಗಿ, ಬೇರೆ ಪುಸ್ತಕಗಳು ರುಚಿಸದಿದ್ದಾಗ ಅವರನ್ನು ಎಲ್ಲಕ್ಕಿಂತ ಹೆಚ್ಚಾಗಿ ಕಾಪಾಡಿದ್ದು ಶುಭಸಂದೇಶ. 1897ರಲ್ಲಿ, 24ನೇ ವಯಸ್ಸಿನಲ್ಲಿ ಅವರು ತೀರಿಕೊಂಡರು. ಮರುವರ್ಷ ಅಚ್ಚಾದ ಅವರ ಆತ್ಮಕಥೆ, ಮಠದ ಗೋಡೆ ದಾಟದ ಆ ಕನ್ಯಾಸ್ತ್ರೀಯನ್ನು ಲೋಕದ ಮನೆಮನೆಗೂ ತಲುಪಿಸಿತು. ಒಳ್ಳೆಯ ಪುಸ್ತಕ ನಮ್ಮನ್ನು ತನ್ನಲ್ಲೇ ಕಟ್ಟಿಹಾಕದೆ ಶುಭಸಂದೇಶದ ಕಡೆಗೆ, ಬಲಿಪೂಜೆಯ ಕಡೆಗೆ, ನೆರೆಯವರ ಕಡೆಗೆ ಕಳುಹಿಸುತ್ತದೆ.

ಆದ್ದರಿಂದ ಈ ಹಬ್ಬದ ದಿನಗಳಲ್ಲಿ ಒಂದು ಸಣ್ಣ ಅಭ್ಯಾಸ ಆರಂಭಿಸೋಣ. ಸಂಜೆಯ ಜಪಮಾಲೆ ಮುಗಿದ ಮೇಲೆ ಮೊಬೈಲುಗಳನ್ನು ಬದಿಗಿಟ್ಟು, ಶುಭಸಂದೇಶದ ಕೆಲವು ವಾಕ್ಯಗಳನ್ನೂ ಸಂತರೊಬ್ಬರ ಚರಿತ್ರೆಯ ಒಂದು ಪುಟವನ್ನೂ ಓದೋಣ. ಮಕ್ಕಳು ಓದಲಿ, ಹಿರಿಯರು ಕೇಳಲಿ. ‘ಇದರಲ್ಲಿ ನಾಳೆ ನಾವು ಮಾಡಬಹುದಾದದ್ದು ಯಾವುದು?’ ಎಂದು ಒಬ್ಬರನ್ನೊಬ್ಬರು ಕೇಳೋಣ. ಓದಿ ಮುಗಿಸಿದ ಪುಸ್ತಕವನ್ನು ಕಪಾಟಿಗೆ ಸೇರಿಸದೆ, ಹಾಸಿಗೆ ಹಿಡಿದ ನೆರೆಯವರ ಮನೆಗೆ ಒಯ್ದು, ಅವರ ಪಕ್ಕ ಕುಳಿತು ಒಂದು ಪುಟ ಓದಿ ಹೇಳೋಣ. ಹಾಸಿಗೆಯಲ್ಲಿದ್ದ ಇಗ್ನೇಷಿಯಸರಿಗೂ ಆ ಪುಸ್ತಕಗಳನ್ನು ಯಾರೋ ಒಬ್ಬರು ತಂದುಕೊಟ್ಟಿದ್ದರಲ್ಲವೇ?