ಕಿಟಕಿ ಪರದೆ: ನಂಬಿದ್ದು ಒಂದು, ನಿಜ ಇನ್ನೊಂದು

ಮನೆ ಕಟ್ಟಿ ಮುಗಿಸುವ ಹೊತ್ತಿಗೆ ಕೈ ಬರಿದಾಗಿರುತ್ತದೆ. ಗೃಹಪ್ರವೇಶಕ್ಕೆ ವಾರ ಉಳಿದಾಗ ಕಿಟಕಿಗಳ ನೆನಪಾಗಿ, ‘ಪರದೆ ತಾನೆ, ಯಾವುದಾದರೇನು’ ಎಂದು ಕಡಿಮೆ ಬೆಲೆಯದನ್ನು ತಂದು ತೂಗುಹಾಕುವುದು ನಮ್ಮಲ್ಲಿ ರೂಢಿ. ದಿನವೂ ಬಿಸಿಲು, ದೂಳು, ಎಳೆದಾಟ ಎಲ್ಲವನ್ನೂ ತಡೆದುಕೊಳ್ಳಬೇಕಾದ ಬಟ್ಟೆಯ ವಿಷಯದಲ್ಲಿ ಈ ಉದಾಸೀನ ಸಲ್ಲದು.

‘ರೆಡಿಮೇಡ್ ಜೋಡಿ ಅರ್ಧ ಬೆಲೆಗೇ ಸಿಗುತ್ತದಲ್ಲ’ ಎನ್ನುವವರೇ ಹೆಚ್ಚು. ಬೆಲೆ ಕಡಿಮೆ ಇರುವುದಕ್ಕೆ ಎಷ್ಟೋ ಸಲ ಬಟ್ಟೆ ಕಡಿಮೆ ಇರುವುದೇ ಕಾರಣ. ನೆರಿಗೆ ಚೆನ್ನಾಗಿ ಬೀಳಬೇಕಾದರೆ ಕಿಟಕಿಯ ಅಗಲದ ಎರಡರಷ್ಟಾದರೂ ಬಟ್ಟೆ ಬೇಕು. ಆರು ಅಡಿ ಕಿಟಕಿಯೆಂದರೆ 72 ಇಂಚು. ಅದಕ್ಕೆ 144 ಇಂಚು, ಅಂದರೆ 48 ಇಂಚು ಅಗಲದ ಮೂರು ಪರದೆ. ಎರಡನ್ನೇ ಹಾಕಿದರೆ ಸಿಗುವುದು 96 ಇಂಚು. ಎಳೆದು ಮುಚ್ಚಿದ ಕೂಡಲೇ ನೆರಿಗೆಯೆಲ್ಲ ಬಿಚ್ಚಿಕೊಂಡು ಹಗ್ಗದ ಮೇಲೆ ಬೆಡ್‌ಶೀಟ್ ಒಣಹಾಕಿದ ಹಾಗೆ ಕಾಣುತ್ತದೆ.

ಅಂಗಡಿಯಲ್ಲಿ ಬಣ್ಣ ನೋಡುವ ಮೊದಲು ಕೆಳಗಿನ ಅಂಚನ್ನು ತಿರುಗಿಸಿ ನೋಡಿ. ಒಳ್ಳೆಯ ಟೈಲರ್ ಅಲ್ಲಿ ಮೂರು ನಾಲ್ಕು ಇಂಚಿನ ಮಡಿಕೆಯನ್ನು ಎರಡು ಪದರವಾಗಿ ಹೊಲಿದಿರುತ್ತಾನೆ. ಆ ಭಾರಕ್ಕೆ ಪರದೆ ನೇರವಾಗಿ ಇಳಿಬೀಳುತ್ತದೆ. ಹತ್ತಿಯದು ಒಗೆದಾಗ ಒಂದೆರಡು ಇಂಚು ಕುಗ್ಗಿದರೂ ಬಿಚ್ಚಿ ಇಳಿಸಿಕೊಳ್ಳಬಹುದು. ಅಗ್ಗದ್ದರಲ್ಲಿ ಅರ್ಧ ಇಂಚು ಮಡಚಿ ಒಂದೇ ಹೊಲಿಗೆ ಓಡಿಸಿರುತ್ತಾರೆ, ಕುಗ್ಗಿತೆಂದರೆ ಮುಗಿಯಿತು. ಐಲೆಟ್ ಉಂಗುರವನ್ನೂ ಬೆರಳಲ್ಲಿ ಒತ್ತಿ ನೋಡಿ. ತೆಳು ಪ್ಲಾಸ್ಟಿಕ್ಕಿನದು ಅಲ್ಲೇ ಬಳುಕುತ್ತದೆ.

ಇನ್ನೊಂದು ಗಟ್ಟಿ ನಂಬಿಕೆ: ಗಾಢ ಬಣ್ಣದ ಪರದೆ ಹಾಕಿದರೆ ಕೋಣೆ ತಂಪು. ಬೆಳಕು ಕಡಿಮೆಯಾಗುವುದು ನಿಜ, ಬಿಸಿಯ ಮಾತೇ ಬೇರೆ. ಗಾಜು ದಾಟಿ ಬಂದ ಬಿಸಿಲನ್ನು ಕಡುಬಣ್ಣದ ಬಟ್ಟೆ ಹೀರಿಕೊಂಡು, ಕಾದು, ಆ ಬಿಸಿಯನ್ನು ಕೋಣೆಗೇ ಬಿಡುತ್ತದೆ. ಹೊರಗೆ ಮುಖ ಮಾಡಿರುವ ಬದಿಗೆ ಬಿಳಿಯ ಲೈನಿಂಗ್ ಕೊಟ್ಟರೆ ಬಿಸಿಲಿನ ಒಂದಷ್ಟು ಪಾಲು ಗಾಜಿನ ಮೂಲಕ ಹಿಂದಿರುಗುತ್ತದೆ. ಎಲ್ಲಕ್ಕಿಂತ ಒಳ್ಳೆಯದು ಬಿಸಿಲನ್ನು ಗಾಜಿನ ಹೊರಗೇ ತಡೆಯುವುದು. ಸಜ್ಜಾ, ಬಿದಿರಿನ ಚಿಕ್ಕು ಮಾಡುವುದು ಅದನ್ನೇ. ಕಲಬುರಗಿ, ರಾಯಚೂರಿನ ಒಣಬಿಸಿಲಲ್ಲಿ ಲಾವಂಚದ ತಟ್ಟಿಗೆ ನೀರು ಚಿಮುಕಿಸಿದರೆ ನೀರು ಆವಿಯಾಗುತ್ತ ಗಾಳಿಯನ್ನು ತಂಪು ಮಾಡುತ್ತದೆ. ಮಂಗಳೂರಿನ ಸೆಕೆಗೆ ಅದರಿಂದ ಅಷ್ಟು ಪ್ರಯೋಜನವಿಲ್ಲ. ‘ಬ್ಲ್ಯಾಕ್‌ಔಟ್’ ಎಂದು ಹೇಳಿ ಮಾರುವ ಬಟ್ಟೆಯ ಹಿಂದೆ ಮೊಬೈಲ್ ಟಾರ್ಚ್ ಹಿಡಿದು ನೋಡಿ. ಲೇಪನ ಕಳಪೆಯಾಗಿದ್ದರೆ ಸೂಜಿಮೊನೆಯಷ್ಟು ಬೆಳಕಿನ ಚುಕ್ಕಿಗಳು ಕಾಣುತ್ತವೆ.

ಹಾಗೆಂದು ದುಬಾರಿಯಾದದ್ದೆಲ್ಲ ಬಾಳಿಕೆ ಬರುತ್ತದೆ ಎಂದುಕೊಳ್ಳುವುದೂ ತಪ್ಪೇ. ರೇಷ್ಮೆ ಎಷ್ಟೇ ಬೆಲೆಯದಾದರೂ ಬಿಸಿಲಿಗೆ ಬಹಳ ಬೇಗ ಸೋಲುವ ನೂಲು. ಲೈನಿಂಗ್ ಇಲ್ಲದೆ ಪಶ್ಚಿಮದ ಕಿಟಕಿಗೆ ಹಾಕಿದರೆ ನೆರಿಗೆಯ ಗೆರೆಗಳಲ್ಲೇ ಪಿಸಿಯತೊಡಗುತ್ತದೆ. ಅಲ್ಲಿಗೆ ಒತ್ತಾದ ನೇಯ್ಗೆಯ ಪಾಲಿಯೆಸ್ಟರ್ ಹತ್ತಿಗಿಂತಲೂ ಮೇಲು. ನೆರಳಿರುವ ಕಿಟಕಿಗೆ ಕೈಮಗ್ಗದ ಹತ್ತಿ ಬಟ್ಟೆ ಸೊಗಸು. ಹೊಲಿಯಲು ಕೊಡುವ ಮೊದಲು ಒಮ್ಮೆ ನೆನೆಸಿ ಒಣಗಿಸಿ.

ಬ್ಲೈಂಡ್ ಕೊಳ್ಳುವವರಿಗೆ ಒಂದು ಮಾತು, ಪುಟ್ಟ ಮಕ್ಕಳಿರುವ ಮನೆಯಾದರೆ ಇದೇ ಮುಖ್ಯ. ಜೋತುಬಿದ್ದ ಹಗ್ಗದ ಕುಣಿಕೆ ಮಗುವಿನ ಕುತ್ತಿಗೆಗೆ ಸಿಕ್ಕಿ ಸದ್ದಿಲ್ಲದೆ ಜೀವ ಹೋದ ಪ್ರಕರಣಗಳಿವೆ. ಅಮೆರಿಕದಲ್ಲಿ 2018ರ ಡಿಸೆಂಬರ್‌ನಿಂದ ಸಿದ್ಧ ಬ್ಲೈಂಡ್‌ಗಳಲ್ಲಿ ಹಗ್ಗವೇ ಇರಬಾರದು, ಇದ್ದರೂ ಮಗುವಿನ ಕೈಗೆ ಎಟುಕಬಾರದು ಎಂಬ ಮಾನದಂಡ ಬಂತು. ನಮ್ಮ ಅಂಗಡಿಗಳಲ್ಲಿ ಕುಣಿಕೆ ಇರುವವು ಈಗಲೂ ಸಿಗುತ್ತವೆ. ಹಗ್ಗವಿಲ್ಲದ್ದಕ್ಕೆ ಹೆಚ್ಚು ಕೊಡಬೇಕಾದರೆ ಚೌಕಾಸಿ ಮಾಡದೆ ಕೊಡಿ. ಮನೆಯಲ್ಲಿ ಈಗಾಗಲೇ ಕುಣಿಕೆಯದು ಇದ್ದರೆ ಅದನ್ನು ಬಿಗಿಯಾಗಿ ಹಿಡಿದಿಡುವ ಕ್ಲಿಪ್ಪನ್ನು ಗೋಡೆಗೆ ಇಂದೇ ಹಾಕಿಸಿ, ಅದರ ಹತ್ತಿರ ತೊಟ್ಟಿಲು, ಮಂಚ ಇಡಬೇಡಿ.

ದುಡ್ಡು ಸಾಲದಿದ್ದರೆ ಎಲ್ಲ ಕಿಟಕಿಗೂ ಒಟ್ಟಿಗೆ ಅಗ್ಗದ್ದನ್ನು ಹಾಕಬೇಡಿ. ಮಲಗುವ ಕೋಣೆಗೂ ಪಶ್ಚಿಮದ ಕಿಟಕಿಗೂ ಮೊದಲು ಒಳ್ಳೆಯದನ್ನು ಹೊಲಿಸಿ. ಮಿಕ್ಕವಕ್ಕೆ ಹಳೆಯ ಹತ್ತಿ ಸೀರೆಯ ಪರದೆ ಈ ವರ್ಷಕ್ಕೆ ಸಾಕು.