ಶಿವನಸಮುದ್ರದ ನೀರು: ಕಾವೇರಿ ವಿವಾದದಲ್ಲಿ ನ್ಯಾಯದ ತೊಡಕು

ಶಿವನಸಮುದ್ರದಲ್ಲಿ 1902ರಲ್ಲಿ ವಿದ್ಯುದುತ್ಪಾದನೆ ಆರಂಭವಾದುದು ಕೋಲಾರದ ಚಿನ್ನದ ಗಣಿಗಳಿಗಾಗಿ ಎಂಬುದು ವಾಚಕರಿಗೆ ವಿದಿತವೇ ಆಗಿದೆ. ಬೇಸಗೆಯಲ್ಲಿ ನದಿ ಸೊರಗಿದರೆ ಯಂತ್ರಗಳೂ ಸೊರಗುತ್ತಿದ್ದುವು. ಕನ್ನಂಬಾಡಿ ಕಟ್ಟೆಯ ಕಾರ್ಯ 1911ರಲ್ಲಿ ಮೊದಲಾಗಲು ಈ ಕೊರತೆಯೇ ಒಂದು ಮುಖ್ಯ ಕಾರಣ. ಯಂತ್ರವನ್ನು ತಿರುಗಿಸಿದ ನೀರು ಮರಳಿ ಹೊಳೆಯನ್ನೇ ಸೇರಿ ತಮಿಳುನಾಡಿಗೆ ಹರಿಯುತ್ತದೆ. ಗದ್ದೆಗೆ ಹಾಯಿಸಿದ ನೀರಿನ ಬಹುಭಾಗ ಹಾಗೆ ಮರಳುವುದಿಲ್ಲ. ವಿವಾದದ ಬೇರು ಇಲ್ಲಿದೆ.

1892ರ ಒಪ್ಪಂದದ ಪ್ರಕಾರ ಮದರಾಸಿನ ಸಮ್ಮತಿಯಿಲ್ಲದೆ ಮೈಸೂರು ಹೊಸ ಜಲಾಶಯ ಕಟ್ಟುವಂತಿರಲಿಲ್ಲ. ಬ್ರಿಟಿಷರ ಅಧೀನದಲ್ಲಿದ್ದ ಸಂಸ್ಥಾನವು ಬ್ರಿಟಿಷ್ ಪ್ರಾಂತವೊಂದರೊಡನೆ ಮಾಡಿಕೊಂಡ ಈ ಕರಾರನ್ನು ಸಮಾನರ ಒಪ್ಪಂದವೆನ್ನಲು ನಮಗೆ ಸಾಧ್ಯವಿಲ್ಲ. ಆದರೆ ಮದರಾಸು 11 ಟಿ.ಎಂ.ಸಿ.ಯ ಸಣ್ಣ ಕಟ್ಟೆಗೆ ಮಾತ್ರ ಒಪ್ಪಿದ್ದಾಗ, ಮೈಸೂರು ದೊಡ್ಡ ಕಟ್ಟೆಗೆ ತಕ್ಕ ಅಡಿಪಾಯವನ್ನೇ ಹಾಕಿತು. ನಮ್ಮವರ ದೂರದೃಷ್ಟಿಯೆಂದು ಇದನ್ನು ಹೊಗಳುವುದುಂಟು. ಮದರಾಸಿನವರು ಇದನ್ನು ವಚನಭಂಗವೆಂದು ಕಂಡುದರಲ್ಲಿಯೂ ಆಶ್ಚರ್ಯವಿಲ್ಲ. 1914ರ ಗ್ರಿಫಿನ್ ತೀರ್ಪು ಮೈಸೂರಿಗೆ ಅನುಕೂಲವಾಗಿದ್ದಿತು. ಮದರಾಸು ಮೇಲ್ಮನವಿ ಸಲ್ಲಿಸಿತು. ಕೊನೆಗೆ 1924ರ ಒಪ್ಪಂದವು ಕನ್ನಂಬಾಡಿಗೆ 124 ಅಡಿಯ ಎತ್ತರವನ್ನು ಅನುಮತಿಸಿ, ಮೆಟ್ಟೂರು ಕಟ್ಟೆಗೂ ದಾರಿ ಮಾಡಿಕೊಟ್ಟಿತು. ಮಂಡ್ಯದ ಒಣಭೂಮಿ ನಾಲೆಯ ನೀರು ಕಂಡುದು ಇದರ ಅನಂತರವೇ.

ತಂಜಾವೂರಿನ ರೈತನ ಹಕ್ಕು ಚೋಳರ ಕಾಲದಷ್ಟು ಹಳೆಯದು. ಮೊದಲು ಬಳಸಿದವನಿಗೆ ಮೊದಲ ಹಕ್ಕೆಂದರೆ, ಬಂಡವಾಳವಿಲ್ಲದೆ ಹಿಂದುಳಿದ ಮಂಡ್ಯದ ರೈತ ಎಂದೆಂದಿಗೂ ಹಿಂದೆಯೇ ಉಳಿಯಬೇಕು. ಮಳೆ ಬಿದ್ದ ನೆಲದವನಿಗೆ ಮೊದಲ ಹಕ್ಕೆಂದರೆ, ಶತಮಾನಗಳಿಂದ ಬೆಳೆದ ಗದ್ದೆ ಬೀಳು ಬೀಳಬೇಕು. ಇಬ್ಬರ ವಾದವೂ ಸುಳ್ಳಲ್ಲ. ಜೂನ್ ತಿಂಗಳಲ್ಲಿ ಅಲ್ಲಿ ಕುರುವೈ ಬೆಳೆಗೆ ನೀರು ಬೇಕಾಗುವ ಹೊತ್ತಿಗೆ ಇಲ್ಲಿ ಕಟ್ಟೆ ತುಂಬಲು ತೊಡಗಿರುತ್ತದೆ, ಅಷ್ಟೆ.

1991ರ ಮಧ್ಯಂತರ ಆದೇಶದ ಬಳಿಕ ಬೆಂಗಳೂರಿನಲ್ಲಿ ತಮಿಳರ ಮೇಲೆ ನಡೆದ ಹಲ್ಲೆಗೆ ಇಂತಹ ಯಾವ ವಾದವೂ ಸಮರ್ಥನೆಯಾಗದು. ನಗರದಲ್ಲಿ ಕೂಲಿ ಮಾಡುತ್ತಿದ್ದವನಿಗೆ ತಂಜಾವೂರಿನ ಗದ್ದೆಯಲ್ಲಿ ಪಾಲೆಲ್ಲಿಯದು? 2003ರಲ್ಲಿ ಎರಡೂ ಕಡೆಯ ರೈತರು ಕೂಡಿ ‘ಕಾವೇರಿ ಕುಟುಂಬ’ವನ್ನು ರಚಿಸಿ, ಪರಸ್ಪರರ ಹೊಲಗಳನ್ನು ನೋಡಿ ಬಂದುದನ್ನು ನಾವು ತೀರ್ಪುಗಳಷ್ಟೇ ಮುಖ್ಯವೆಂದೆಣಿಸುತ್ತೇವೆ.

ನ್ಯಾಯಮಂಡಳಿ 2007ರಲ್ಲಿ ಕರ್ಣಾಟಕಕ್ಕೆ 270, ತಮಿಳುನಾಡಿಗೆ 419 ಟಿ.ಎಂ.ಸಿ. ನೀಡಿತು, ಸರ್ವೋಚ್ಚ ನ್ಯಾಯಾಲಯ 2018ರಲ್ಲಿ ಇವನ್ನು 284.75 ಮತ್ತು 404.25ಕ್ಕೆ ತಿದ್ದಿತು. ಕೊರತೆಯ ವರ್ಷದಲ್ಲಿ ಪಾಲುಗಳು ಪ್ರಮಾಣಾನುಸಾರ ತಗ್ಗಬೇಕೆಂಬುದು ನಿಯಮ. ಮಳೆ ಕೈಕೊಟ್ಟ 2023ರಲ್ಲಿ ಮಂಡ್ಯದ ರೈತರು ಮತ್ತೆ ಬೀದಿಗಿಳಿದುದು ಆ ಪ್ರಮಾಣದ ಲೆಕ್ಕದ ಮೇಲೆಯೇ.