ಮಾತು ಮತ್ತು ಮತ: ಸೆನೆಟರ್ ವೇಯ್ನ್ ಮೋರ್ಸ್

ಕನ್ನಡದಲ್ಲಿ ‘ಮತ’ ಎಂಬ ಶಬ್ದಕ್ಕೆ ಅಭಿಪ್ರಾಯವೆಂಬ ಅರ್ಥ ಉಂಟು; ಚುನಾವಣೆಯಲ್ಲಿಯೂ ಶಾಸನಸಭೆಯಲ್ಲಿಯೂ ಕೊಡುವ ಓಟು ಎಂಬ ಅರ್ಥವೂ ಉಂಟು. ಸಂಸ್ಕೃತದ ‘ಮನ್’ ಧಾತುವಿನಿಂದ ಬಂದ ಈ ಮಾತು ಮೂಲದಲ್ಲಿ ಮನಸ್ಸು ತಿಳಿದು ಎಣಿಸಿದ್ದನ್ನು ಸೂಚಿಸುತ್ತದೆ. ಬುದ್ಧಿ ಒಪ್ಪಿದ್ದನ್ನೇ ಕೈ ಎತ್ತಿ ತೋರಿಸಬೇಕು ಎಂಬ ಧರ್ಮ ಈ ಒಂದೇ ಶಬ್ದದಲ್ಲಿ ಅಡಗಿದೆಯೆಂದು ನಾವು ಭಾವಿಸಿದರೆ ತಪ್ಪಾಗದು. ಆದರೆ ಶಾಸನಸಭೆಗಳ ಚರಿತ್ರೆಯನ್ನು ಓದಿದವರಿಗೆ ಈ ಎರಡು ಅರ್ಥಗಳೂ ಬೇರೆ ಬೇರೆ ದಾರಿ ಹಿಡಿದು ನಡೆದ ಪ್ರಸಂಗಗಳು ಎಷ್ಟೋ ಕಾಣಸಿಗುತ್ತವೆ. ಸಭೆಯ ಹೊರಗೆ ಅಧಿಕಾರಸ್ಥನನ್ನು ಕಟುವಾಗಿ ಖಂಡಿಸಿದವನು, ಒಳಗೆ ತನ್ನ ಹೆಸರನ್ನು ಕೂಗಿದಾಗ ‘ಹೌದು’ ಎಂದು ಹೇಳಿ ಸುಮ್ಮನೆ ಕುಳಿತುಕೊಳ್ಳುತ್ತಾನೆ. ಮಾತು ಪತ್ರಿಕೆಗೆ ಹೋಗುತ್ತದೆ, ಮತ ಅಧಿಕಾರಕ್ಕೆ ಹೋಗುತ್ತದೆ. ಈ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಿಕೊಂಡು ಬಾಳಿದ, ಅದಕ್ಕಾಗಿ ತನ್ನ ಸ್ಥಾನವನ್ನೂ ಕಳೆದುಕೊಂಡ ಒಬ್ಬ ಅಮೆರಿಕನ್ ಶಾಸಕನ ಚರಿತ್ರೆಯನ್ನು ಇಲ್ಲಿ ನೆನೆಯಬೇಕೆಂದಿದ್ದೇನೆ. ಆತ ಒರೆಗನ್ ಸಂಸ್ಥಾನದ ಸೆನೆಟರ್ ವೇಯ್ನ್ ಮೋರ್ಸ್.

ಕಥೆಯನ್ನು ಆರಂಭಿಸುವ ಮುನ್ನ ಅಲ್ಲಿಯ ಪದ್ಧತಿಯ ವಿಷಯವಾಗಿ ಒಂದೆರಡು ಮಾತು ಅವಶ್ಯ. ಅಮೆರಿಕದ ಅಧ್ಯಕ್ಷ ಕಾಂಗ್ರೆಸ್ಸಿನ ಸದಸ್ಯನಲ್ಲ. ಆತನ ಮಸೂದೆ ಬಿದ್ದುಹೋದರೆ ಆತನ ಸರ್ಕಾರ ಬೀಳುವುದಿಲ್ಲ. ಆದ್ದರಿಂದ ಅಧ್ಯಕ್ಷನ ಪಕ್ಷದವನೇ ಅಧ್ಯಕ್ಷನಿಗೆ ವಿರುದ್ಧವಾಗಿ ಮತ ಹಾಕಬಹುದು. ಅದರಿಂದ ಸದಸ್ಯತ್ವಕ್ಕೆ ಚ್ಯುತಿಯಿಲ್ಲ. ನಮ್ಮಲ್ಲಿ ಸ್ಥಿತಿ ಬೇರೆ. 1985ರ 52ನೆಯ ತಿದ್ದುಪಡಿಯಿಂದ ಸಂವಿಧಾನಕ್ಕೆ ಸೇರಿದ ಹತ್ತನೆಯ ಅನುಸೂಚಿಯ ಪ್ರಕಾರ, ಪಕ್ಷದ ಆಜ್ಞೆಯನ್ನು ಮೀರಿ ಮತ ನೀಡಿದ ಸದಸ್ಯ ತನ್ನ ಸ್ಥಾನವನ್ನೇ ಕಳೆದುಕೊಳ್ಳಬಹುದು. ಅಲ್ಲಿ ಮುಖ್ಯವಾದ ನಿರ್ಣಯಗಳಿಗೆ ಒಬ್ಬೊಬ್ಬರ ಹೆಸರನ್ನೂ ಕೂಗುತ್ತಾರೆ. ‘ಹೌದು’, ‘ಇಲ್ಲ’ ಎಂಬ ಉತ್ತರ ಹೆಸರಿನ ಸಮೇತ ಅಚ್ಚಾಗಿ ಉಳಿಯುತ್ತದೆ. ಆಡಿದ ಮಾತಿಗೆ ಆಮೇಲೆ ಬೇರೆ ಅರ್ಥ ಹೇಳಬಹುದು. ಕೂಗಿದ ಹೆಸರಿನ ಮುಂದೆ ನಿಂತ ಉತ್ತರಕ್ಕೆ ಹಾಗೆ ಹೇಳಲು ಬಾರದು.

ಮೋರ್ಸ್ ಹುಟ್ಟಿದ್ದು 1900ರಲ್ಲಿ, ವಿಸ್ಕಾನ್ಸಿನ್ ಸಂಸ್ಥಾನದ ಒಂದು ಒಕ್ಕಲು ಮನೆತನದಲ್ಲಿ. ವೃತ್ತಿಯಿಂದ ಅಧ್ಯಾಪಕ. ಒರೆಗನ್ ವಿಶ್ವವಿದ್ಯಾನಿಲಯದ ನ್ಯಾಯಶಾಸ್ತ್ರ ವಿಭಾಗಕ್ಕೆ ಮೂವತ್ತರ ಹರೆಯದಲ್ಲಿಯೇ ಮುಖ್ಯಸ್ಥನಾದವನು. 1944ರಲ್ಲಿ ರಿಪಬ್ಲಿಕನ್ ಪಕ್ಷದಿಂದ ಸೆನೆಟ್ಟಿಗೆ ಆರಿಸಿಬಂದ. 1952ರಲ್ಲಿ ಐಸೆನ್‌ಹೋವರ್ ತನ್ನ ಜೊತೆಗೆ ರಿಚರ್ಡ್ ನಿಕ್ಸನ್ನನನ್ನು ಉಪಾಧ್ಯಕ್ಷ ಸ್ಥಾನಕ್ಕೆ ಆರಿಸಿಕೊಂಡಾಗ ಮುನಿದು ಪಕ್ಷವನ್ನು ಬಿಟ್ಟ. ಮರುವರ್ಷ ಸೆನೆಟ್ ಸೇರಿದ ದಿನ ಮಡಿಸುವ ಕುರ್ಚಿಯೊಂದನ್ನು ಕೈಯಲ್ಲಿ ಹಿಡಿದು, ಎರಡು ಪಕ್ಷಗಳ ನಡುವಣ ಹಾದಿಯಲ್ಲಿ ಕುಳಿತುಕೊಳ್ಳುವೆನೆಂದು ಬಂದನಂತೆ. ಈ ಸ್ವಾತಂತ್ರ್ಯಕ್ಕೆ ಪ್ರತಿಯಾಗಿ ಮುಖ್ಯ ಸಮಿತಿಗಳ ಸ್ಥಾನ ಹೋಯಿತು. ಅದೇ ವರ್ಷ ಕಡಲತೀರದ ಎಣ್ಣೆ ನಿಕ್ಷೇಪಗಳನ್ನು ಕುರಿತ ಮಸೂದೆಯ ವಿರುದ್ಧ 22 ಗಂಟೆ 26 ನಿಮಿಷ ಒಂದೇ ಸಮನೆ ನಿಂತು ಮಾತನಾಡಿದ. ಅದು ಆಗಿನ ಕಾಲಕ್ಕೆ ಸೆನೆಟ್ಟಿನ ದಾಖಲೆ. 1955ರಲ್ಲಿ ಡೆಮಾಕ್ರಟಿಕ್ ಪಕ್ಷವನ್ನು ಸೇರಿದ. ‘ಸೆನೆಟ್ಟಿನ ಹುಲಿ’ ಎಂಬ ಬಿರುದು ಆತನಿಗೆ ಪ್ರೀತಿಯಿಂದ ಮಾತ್ರವೇ ಬಂದದ್ದಲ್ಲ. ದೀರ್ಘ ಭಾಷಣ, ಹರಿತವಾದ ನಾಲಗೆ, ಸ್ನೇಹಿತರೊಡನೆಯೂ ಕಲಹ, ಇವೆಲ್ಲ ಆತನ ಸ್ವಭಾವದಲ್ಲಿ ಸೇರಿದ್ದುವು. ಆತ ಎದ್ದು ನಿಂತನೆಂದರೆ ಸಭಾಂಗಣ ಖಾಲಿಯಾಗುವುದು ವಾಡಿಕೆ.

1964ರ ಆಗಸ್ಟ್ 2ರಂದು ಉತ್ತರ ವಿಯೆಟ್ನಾಮಿನ ದೋಣಿಗಳು ಟಾಂಕಿನ್ ಕೊಲ್ಲಿಯಲ್ಲಿ ಮ್ಯಾಡಕ್ಸ್ ಎಂಬ ಅಮೆರಿಕದ ಸಮರನೌಕೆಯ ಮೇಲೆ ಎರಗಿದುವು. 4ರ ರಾತ್ರಿ ಎರಡನೆಯ ದಾಳಿಯೂ ನಡೆಯಿತೆಂದು ಸುದ್ದಿ ಹಬ್ಬಿತು. ಅಧ್ಯಕ್ಷ ಲಿಂಡನ್ ಜಾನ್ಸನ್ ಕೂಡಲೇ ಪ್ರತೀಕಾರದ ವಿಮಾನದಾಳಿಗೆ ಆಜ್ಞೆ ಕೊಟ್ಟು, ಆಕ್ರಮಣವನ್ನು ತಡೆಯಲು ತನಗೆ ಅವಶ್ಯವೆಂದು ತೋರಿದ ಕ್ರಮಗಳನ್ನೆಲ್ಲ ಕೈಗೊಳ್ಳುವುದಕ್ಕೆ ಕಾಂಗ್ರೆಸ್ಸಿನ ಅನುಮೋದನೆಯನ್ನು ಬೇಡಿದ. ಅಧ್ಯಕ್ಷನ ಚುನಾವಣೆಗೆ ಮೂರು ತಿಂಗಳು ಮಾತ್ರ ಉಳಿದಿದ್ದ ಸಮಯ. ರಾಷ್ಟ್ರಧ್ವಜದ ಮೇಲೆ ಗುಂಡು ಹಾರಿತೆಂದ ಮೇಲೆ ಸಂಶಯಪಡುವವರು ಯಾರು? ಪ್ರತಿನಿಧಿ ಸಭೆಯಲ್ಲಿ ಚರ್ಚೆ ಒಂದು ಗಂಟೆಯೂ ನಡೆಯಲಿಲ್ಲ. ಪರವಾಗಿ 416 ಮತ, ವಿರುದ್ಧವಾಗಿ ಒಂದೂ ಇಲ್ಲ. ಸೆನೆಟ್ಟಿನ ಎರಡು ಸಮಿತಿಗಳು ಒಟ್ಟಿಗೆ ಕುಳಿತು ಗೊತ್ತುವಳಿಯನ್ನು ಒಪ್ಪಿದಾಗ 31 ಮಂದಿ ಒಂದು ಕಡೆ, ಮೋರ್ಸ್ ಒಬ್ಬನೇ ಇನ್ನೊಂದು ಕಡೆ.

ಆತನ ವಾದದಲ್ಲಿ ಎರಡು ಎಳೆಗಳಿದ್ದುವು. ಮೊದಲನೆಯದು ಸಂಗತಿಗೆ ಸಂಬಂಧಿಸಿದ್ದು. ದಕ್ಷಿಣ ವಿಯೆಟ್ನಾಮಿನ ದೋಣಿಗಳು ಉತ್ತರದ ದ್ವೀಪಗಳ ಮೇಲೆ ದಾಳಿ ನಡೆಸುತ್ತಿದ್ದ ಸಮಯದಲ್ಲಿಯೇ ಅಮೆರಿಕದ ನೌಕೆ ಆ ನೀರಿನಲ್ಲಿತ್ತೆಂದೂ, ಆದ್ದರಿಂದ ನಿಷ್ಕಾರಣ ಆಕ್ರಮಣವೆಂಬ ಮಾತು ನಿಲ್ಲದೆಂದೂ ಆತ ಹೇಳಿದ. ಎರಡನೆಯದು ತತ್ತ್ವಕ್ಕೆ ಸಂಬಂಧಿಸಿದ್ದು. ಯುದ್ಧ ಘೋಷಿಸುವ ಅಧಿಕಾರವನ್ನು ಸಂವಿಧಾನ ಕಾಂಗ್ರೆಸ್ಸಿಗೆ ಕೊಟ್ಟಿದೆ. ಈ ಗೊತ್ತುವಳಿ ತಾರೀಖು ಹಾಕದೆ ಸಹಿ ಮಾಡಿಕೊಟ್ಟ ಯುದ್ಧ ಘೋಷಣೆ. ಸಂವಿಧಾನವನ್ನು ಬಳಸಿ ಹಾದುಹೋಗುವ ಈ ಕೆಲಸವನ್ನು ಚರಿತ್ರೆ ದೊಡ್ಡ ಪ್ರಮಾದವೆಂದು ಬರೆದಿಡುವುದು ಎಂಬುದು ಆತನ ನಿಲುವು. ನ್ಯಾಯಶಾಸ್ತ್ರವನ್ನು ಬೋಧಿಸಿದವನಿಗೆ ಸಹಜವಾದ ಮಾತು. ಆಗಸ್ಟ್ 7ರಂದು ಹೆಸರುಗಳನ್ನು ಕೂಗಿದರು. ಪರವಾಗಿ 88, ವಿರುದ್ಧವಾಗಿ 2. ಎರಡನೆಯ ‘ಇಲ್ಲ’ ಅಲಾಸ್ಕದ ಅರ್ನೆಸ್ಟ್ ಗ್ರೂನಿಂಗನದು. ಈತ ವೈದ್ಯಶಾಸ್ತ್ರ ಓದಿ ಪತ್ರಿಕೋದ್ಯಮಕ್ಕೆ ಬಂದವನು, ಮುಂದೆ ಅಲಾಸ್ಕದ ರಾಜ್ಯಪಾಲನಾಗಿದ್ದವನು, ಆಗ ಎಪ್ಪತ್ತೇಳರ ವೃದ್ಧ.

ಕಥೆ ಇಷ್ಟಕ್ಕೇ ಮುಗಿದಿದ್ದರೆ ಮೋರ್ಸ್ ಒಬ್ಬ ಹಟಮಾರಿ ವಿರೋಧಿ ಎನ್ನಬಹುದಾಗಿತ್ತು. ಅಷ್ಟಾಗಿ ಯಾರೂ ನೆನೆಯದ ಇನ್ನೊಂದು ಮುಖ ಈ ಚರಿತ್ರೆಗೆ ಉಂಟು. ಅಧ್ಯಕ್ಷ ಜಾನ್ಸನ್ ಕೆಲಕಾಲ ಶಾಲೆಯ ಉಪಾಧ್ಯಾಯನಾಗಿದ್ದವನು. ಬಡಮಕ್ಕಳ ಶಾಲೆಗಳಿಗೆ ಕೇಂದ್ರ ಸರ್ಕಾರದ ನೆರವು ದೊರೆಯಬೇಕೆಂಬುದು ಆತನ ದೊಡ್ಡ ಆಸೆ. ಸೆನೆಟ್ಟಿನ ಶಿಕ್ಷಣ ಉಪಸಮಿತಿಯ ಅಧ್ಯಕ್ಷ ಯಾರು? ಇದೇ ಮೋರ್ಸ್. 1965ರ ಪ್ರಾಥಮಿಕ ಮತ್ತು ಮಾಧ್ಯಮಿಕ ಶಿಕ್ಷಣ ಮಸೂದೆಯನ್ನು ಆತ ಕೈಹಿಡಿದು ನಡೆಸಿದ. ತಿದ್ದುಪಡಿಯಾದರೆ ಮಸೂದೆ ಮತ್ತೆ ಪ್ರತಿನಿಧಿ ಸಭೆಗೆ ಮರಳಿ ಅಲ್ಲಿ ಸಿಕ್ಕಿಬೀಳುವ ಭಯವಿದ್ದುದರಿಂದ, ಒಂದಕ್ಷರವೂ ಬದಲಾಗದಂತೆ ಕಾದು, ಏಪ್ರಿಲ್ 9ರಂದು 73–18 ಮತಗಳಿಂದ ಅಂಗೀಕಾರ ಮಾಡಿಸಿದ. ಎರಡು ದಿನಗಳ ಮೇಲೆ ಟೆಕ್ಸಾಸಿನಲ್ಲಿ ತಾನು ಬಾಲ್ಯದಲ್ಲಿ ಕಲಿತ ಹಳ್ಳಿಯ ಶಾಲೆಯ ಬಳಿ, ತನ್ನ ಮೊದಲ ಉಪಾಧ್ಯಾಯಿನಿಯನ್ನು ಪಕ್ಕದಲ್ಲಿ ಕುಳ್ಳಿರಿಸಿಕೊಂಡು, ಜಾನ್ಸನ್ ಅದಕ್ಕೆ ಸಹಿ ಹಾಕಿದ.

ಇದಾಗಿ ಒಂದು ತಿಂಗಳು ತುಂಬುವುದರೊಳಗೆ ಅದೇ ಅಧ್ಯಕ್ಷ ವಿಯೆಟ್ನಾಮಿನ ಖರ್ಚಿಗೆಂದು 70 ಕೋಟಿ ಡಾಲರ್ ಹೆಚ್ಚುವರಿ ಹಣ ಕೇಳಿದ. ಇದು ವಾಡಿಕೆಯ ಬೇಡಿಕೆಯಲ್ಲವೆಂದೂ, ಇದಕ್ಕೆ ಬೆಂಬಲ ಕೊಡುವ ಪ್ರತಿಯೊಬ್ಬನೂ ತನ್ನ ಯುದ್ಧ ಪ್ರಯತ್ನ ಮುಂದುವರಿಯಲೆಂದು ಮತ ಹಾಕಿದಂತೆಯೇ ಎಂದೂ ಆತ ಸ್ಪಷ್ಟವಾಗಿಯೇ ತಿಳಿಸಿದ್ದ. ಮೇ 6ರಂದು ಸೆನೆಟ್ 88–3 ಮತಗಳಿಂದ ಒಪ್ಪಿತು. ಮೋರ್ಸ್, ಗ್ರೂನಿಂಗ್, ಜೊತೆಗೆ ವಿಸ್ಕಾನ್ಸಿನ್ನಿನ ಗೇಲಾರ್ಡ್ ನೆಲ್ಸನ್: ವಿರುದ್ಧವಾದ ಹೆಸರುಗಳು ಮೂರೇ. ಏಪ್ರಿಲ್‌ನಲ್ಲಿ ಅಧ್ಯಕ್ಷನ ಅತ್ಯಂತ ಪ್ರಿಯವಾದ ಮಸೂದೆಯನ್ನು ದಡ ಸೇರಿಸಿದವನೇ ಮೇ ತಿಂಗಳಲ್ಲಿ ಆತನಿಗೆ ಇದಿರಾಗಿ ನಿಂತ. ದ್ವೇಷವಿದ್ದರೆ ಮೊದಲನೆಯದು ಆಗುತ್ತಿರಲಿಲ್ಲ. ಮುಲಾಜಿದ್ದರೆ ಎರಡನೆಯದು ಆಗುತ್ತಿರಲಿಲ್ಲ.

ಮಾತಿಗೂ ಮತಕ್ಕೂ ಇರುವ ಅಂತರ ಕಣ್ಣಿಗೆ ಕಟ್ಟುವಂತೆ ತೋರಿಬಂದದ್ದು 1966ರ ಮಾರ್ಚ್ 1ರಂದು. ಅಷ್ಟರಲ್ಲಿ ಸೆನೆಟ್ಟಿನ ವಾತಾವರಣ ಬದಲಾಗಿತ್ತು. 1964ರಲ್ಲಿ ಟಾಂಕಿನ್ ಗೊತ್ತುವಳಿಯನ್ನು ತಾನೇ ಮುಂದೆ ನಿಂತು ಪಾರುಮಾಡಿದ್ದ ವಿದೇಶಾಂಗ ಸಮಿತಿಯ ಅಧ್ಯಕ್ಷ ವಿಲಿಯಂ ಫುಲ್‌ಬ್ರೈಟ್ ಪಶ್ಚಾತ್ತಾಪಪಟ್ಟು, ಯುದ್ಧನೀತಿಯ ಬಹಿರಂಗ ವಿಚಾರಣೆಯನ್ನು ನಡೆಸಿದ್ದ. ಟೆಲಿವಿಷನ್ ಮೂಲಕ ದೇಶವೆಲ್ಲ ಅದನ್ನು ನೋಡಿತ್ತು. ಯುದ್ಧವನ್ನು ಆಕ್ಷೇಪಿಸುವ ಕಂಠಗಳು ಒಂದೊಂದಾಗಿ ಕೇಳಿಬರುತ್ತಿದ್ದುವು. ಆ ದಿನ ಟಾಂಕಿನ್ ಗೊತ್ತುವಳಿಯನ್ನೇ ರದ್ದುಮಾಡಬೇಕೆಂದು ಮೋರ್ಸ್ ತಿದ್ದುಪಡಿ ತಂದ. ಅದನ್ನು ಬದಿಗಿಡುವ ಸೂಚನೆಗೆ 92 ಮಂದಿ ಒಪ್ಪಿದರು, ಒಪ್ಪದವರು ಐವರು. ಫುಲ್‌ಬ್ರೈಟ್, ಯೂಜೀನ್ ಮೆಕಾರ್ಥಿ, ಸ್ಟೀಫನ್ ಯಂಗ್ ಈ ಮೂವರು ಮೋರ್ಸ್, ಗ್ರೂನಿಂಗರ ಜೊತೆ ನಿಂತಿದ್ದರು. ಅದೇ ದಿನ ಯುದ್ಧಕ್ಕೆ 480 ಕೋಟಿ ಡಾಲರ್ ಒದಗಿಸುವ ಮಸೂದೆ ಬಂದಾಗ ಫಲಿತಾಂಶ 93–2. ‘ಇಲ್ಲ’ ಎಂದ ಹೆಸರುಗಳು ಮತ್ತೆ ಎರಡೇ. ನೀತಿಯನ್ನು ಖಂಡಿಸುವಾಗ ಐವರು, ಥೈಲಿಯ ಬಾಯಿ ಕಟ್ಟುವಾಗ ಇಬ್ಬರು!

ಉಳಿದವರನ್ನು ಹೇಡಿಗಳೆಂದು ಕರೆಯುವುದು ಸುಲಭ, ಆದರೆ ನ್ಯಾಯವಲ್ಲ. ಅವರ ಕಡೆಗೂ ತೂಕವುಳ್ಳ ವಾದವಿತ್ತು. ಸಾವಿರಾರು ತರುಣರು ಆಗಲೇ ರಣರಂಗದಲ್ಲಿದ್ದಾರೆ. ಅವರನ್ನು ಕಳುಹಿಸಿದ್ದು ತಪ್ಪೆಂದೇ ಇಟ್ಟುಕೊಂಡರೂ, ಅವರ ಕೈಯ ಮದ್ದುಗುಂಡಿಗೆ, ಹೊಟ್ಟೆಯ ಅನ್ನಕ್ಕೆ ಕತ್ತರಿ ಹಾಕುವುದು ಹೇಗೆ? ಮತ ಕೊಟ್ಟವನ ಊರಿನಿಂದಲೇ ಹೋದ ಹುಡುಗ ಮರುದಿನ ಸತ್ತರೆ ಅವನ ತಾಯಿಗೆ ಏನೆಂದು ಉತ್ತರ ಹೇಳುವುದು? ಮೋರ್ಸ್‌ನ ದೃಷ್ಟಿಯಲ್ಲಿ ಈ ಕರುಣೆಯೇ ಯುದ್ಧದ ಬಲವಾದ ಊರುಗೋಲಾಗಿತ್ತು. ಇಂದು ಅಲ್ಲಿರುವವರಿಗೆಂದು ಕೊಟ್ಟ ಹಣ ನಾಳೆ ಇನ್ನಷ್ಟು ಜನರನ್ನು ಕಳುಹಿಸುವ ಹಣವಾಗುತ್ತದೆ. ಸಂವಿಧಾನ ಶಾಸಕರ ಕೈಗೆ ಕೊಟ್ಟಿರುವ ನಿಜವಾದ ಬೀಗದ ಕೈ ಒಂದೇ, ಅದು ಬೊಕ್ಕಸದ್ದು. ಅದನ್ನು ಅಧ್ಯಕ್ಷನಿಗೆ ಒಪ್ಪಿಸಿಬಿಟ್ಟು ಬಾಗಿಲ ಮುಂದೆ ನಿಂತು ಭಾಷಣ ಮಾಡಿದರೆ ಫಲವೇನು? ಎರಡು ಕಡೆಯಲ್ಲಿಯೂ ಅಂತಃಕರಣವಿತ್ತು. ಆದರೆ ತನ್ನ ಮಾತು ಎಲ್ಲಿಗೆ ಕೊಂಡೊಯ್ಯುವುದೋ ಅಲ್ಲಿಯವರೆಗೂ ಅದರ ಜೊತೆ ನಡೆದವರು ಇಬ್ಬರು ಮಾತ್ರ.

ಇಲ್ಲಿ ಒಂದು ಎಚ್ಚರವೂ ಬೇಕು. ಈಗ ಶಾಸಕರ ಮತಗಳನ್ನು ಎಣಿಸಿ, ಇಂಥವನು ಅಧ್ಯಕ್ಷನ ಪರವಾಗಿ ನೂರಕ್ಕೆ ಇಷ್ಟು ಸಲ ನಿಂತ ಎಂದು ಅಂಕ ಹಾಕುವ ಪದ್ಧತಿ ಬಳಕೆಯಲ್ಲಿದೆ. ಲೆಕ್ಕ ಸರಿಯಾಗಿದ್ದರೂ ಅರ್ಥ ತಪ್ಪಬಹುದು. ನಾಗರಿಕ ಹಕ್ಕುಗಳ ಪರವಾಗಿ ಬಾಳೆಲ್ಲ ಹೋರಾಡಿದ ಮೋರ್ಸ್ 1957ರ ನಾಗರಿಕ ಹಕ್ಕುಗಳ ಮಸೂದೆಗೆ ವಿರುದ್ಧವಾಗಿ ಮತ ಹಾಕಿದ. ಕಾರಣ, ಅದು ಸಾಲದು, ಹಲ್ಲು ಕಿತ್ತ ಹಾವು ಎಂಬ ಭಾವನೆ. ಬರಿಯ ಪಟ್ಟಿಯಲ್ಲಿ ನೋಡಿದರೆ ಆತ ವರ್ಣಭೇದವಾದಿಗಳ ಸಾಲಿನಲ್ಲಿ ಕಾಣುತ್ತಾನೆ. ಹಾಗೆಯೇ ಜಾನ್ಸನ್ನನ ಶಾಲೆ, ಕಾಲೇಜು, ನಾಗರಿಕ ಹಕ್ಕುಗಳ ಮಸೂದೆಗಳಿಗೆ ಆತ ಕೊಟ್ಟ ಮತಗಳನ್ನು ಎಣಿಸಿದರೆ ಅಧ್ಯಕ್ಷನ ನಿಷ್ಠಾವಂತ ಅನುಯಾಯಿಯಂತೆ ತೋರುತ್ತಾನೆ. ಮತದ ಪಟ್ಟಿಯನ್ನು ಮಾತಿನ ಜೊತೆಗೆ, ಮಾತನ್ನು ಮತದ ಪಟ್ಟಿಯ ಜೊತೆಗೆ ಇಟ್ಟು ಓದಬೇಕು. ಮೂಲವಿಲ್ಲದೆ ಟೀಕೆ ಓದಿದರೂ, ಟೀಕೆಯಿಲ್ಲದೆ ಮೂಲ ಓದಿದರೂ ಪದ್ಯದ ಅರ್ಥ ಕೆಡುವಂತೆಯೇ ಇದು.

ಮೋರ್ಸ್ ತೆತ್ತ ಬೆಲೆ ಸಣ್ಣದಲ್ಲ. 1966ರಲ್ಲಿ ಒರೆಗನ್ನಿನ ಇನ್ನೊಂದು ಸೆನೆಟ್ ಸ್ಥಾನಕ್ಕೆ ಚುನಾವಣೆ ಬಂದಾಗ, ಯುದ್ಧವನ್ನು ಬೆಂಬಲಿಸುತ್ತಿದ್ದ ತನ್ನ ಪಕ್ಷದ ಅಭ್ಯರ್ಥಿಯನ್ನು ಬಿಟ್ಟು, ಯುದ್ಧವಿರೋಧಿಯಾದ ರಿಪಬ್ಲಿಕನ್ ಮಾರ್ಕ್ ಹ್ಯಾಟ್‌ಫೀಲ್ಡನಿಗೆ ಬೆಂಬಲ ಕೊಟ್ಟ. ಪಕ್ಷದವರು ಅದನ್ನು ಮರೆಯಲಿಲ್ಲ. 1968ರಲ್ಲಿ ಯುವಕನಾದ ಬಾಬ್ ಪ್ಯಾಕ್‌ವುಡ್ ಎದುರು ಬಹು ಕಡಿಮೆ ಮತಗಳ ಅಂತರದಿಂದ ಸೋತ. ಗ್ರೂನಿಂಗ್ ಅದೇ ವರ್ಷ ಪಕ್ಷದೊಳಗಿನ ಆಯ್ಕೆಯಲ್ಲಿಯೇ ಸೋತಿದ್ದ. ‘ಇಲ್ಲ’ ಎಂದ ಇಬ್ಬರೂ ಒಂದೇ ವರ್ಷದಲ್ಲಿ ಮನೆಗೆ ಹೋದರು. 1972ರಲ್ಲಿ ಮತ್ತೆ ನಿಂತಾಗ ಮೋರ್ಸ್‌ನನ್ನು ಸೋಲಿಸಿದವನು ಅದೇ ಹ್ಯಾಟ್‌ಫೀಲ್ಡ್! 1974ರಲ್ಲಿ ಪಕ್ಷದ ಅಭ್ಯರ್ಥಿಯಾಗಿ ಮತ್ತೊಮ್ಮೆ ಪ್ರಚಾರ ನಡೆಸುತ್ತಿದ್ದಾಗಲೇ ಜುಲೈ 22ರಂದು ತೀರಿಕೊಂಡ. ಗ್ರೂನಿಂಗ್ ಒಂದು ತಿಂಗಳು ಮುಂಚೆ, ಜೂನ್ 26ರಂದು ತೀರಿಕೊಂಡಿದ್ದ.

ಅಷ್ಟರಲ್ಲಿ ಕಾಲ ಅವರ ಕಡೆಗೆ ವಾಲಿತ್ತು. 1971ರ ಜನವರಿಯಲ್ಲಿ ಟಾಂಕಿನ್ ಗೊತ್ತುವಳಿ ರದ್ದಾಯಿತು. 1973ರ ನವೆಂಬರಿನಲ್ಲಿ, ಅಧ್ಯಕ್ಷ ನಿಕ್ಸನ್ನನ ನಿಷೇಧವನ್ನು ಮೀರಿ, ಯುದ್ಧಾಧಿಕಾರಕ್ಕೆ ಮಿತಿ ಹಾಕುವ ಶಾಸನವನ್ನು ಕಾಂಗ್ರೆಸ್ ಅಂಗೀಕರಿಸಿತು. 1964ರ ಆಗಸ್ಟ್ 4ರ ರಾತ್ರಿ ದಾಳಿಯೇ ನಡೆದಿರಲಿಲ್ಲವೆಂಬ ತೀರ್ಮಾನವುಳ್ಳ ಗುಪ್ತಚರ ಇಲಾಖೆಯ ಒಳ ಅಧ್ಯಯನ 2005ರಲ್ಲಿ ಬೆಳಕಿಗೆ ಬಂದಿತು. ಆದರೆ ಈ ಮನ್ನಣೆ ಬರುವಷ್ಟರಲ್ಲಿ 58,000ಕ್ಕೂ ಹೆಚ್ಚು ಅಮೆರಿಕನ್ನರೂ, ಲಕ್ಷಗಟ್ಟಲೆ ವಿಯೆಟ್ನಾಮಿನ ಜನರೂ ಅಳಿದುಹೋಗಿದ್ದರು. ಎರಡು ‘ಇಲ್ಲ’ಗಳು ಒಬ್ಬ ಸೈನಿಕನನ್ನೂ ಉಳಿಸಲಿಲ್ಲ ಎಂದು ಹೇಳುವವರಿದ್ದರೆ ಅವರಿಗೆ ಎದುರಾಡುವಂತಿಲ್ಲ.

ಹಾಗಾದರೆ ಆ ಮತಗಳಿಂದ ಬಂದ ಪ್ರಯೋಜನವೇನು? ಇಷ್ಟು ಹೇಳಬಹುದು: ಮುಂದೆ ಯುದ್ಧವನ್ನು ವಿರೋಧಿಸಿದವರು, ಆಗ ಯಾರಿಗೂ ಏನೂ ತಿಳಿದಿರಲಿಲ್ಲ ಎಂಬ ಸಮಾಧಾನದ ಹಿಂದೆ ಅಡಗಲು ಸಾಧ್ಯವಾಗಲಿಲ್ಲ. ತಿಳಿಯಬಹುದಾಗಿತ್ತು, ಹೇಳಬಹುದಾಗಿತ್ತು, ಹೇಳಿದಂತೆ ಮತ ಕೊಡಬಹುದಾಗಿತ್ತು ಎಂಬುದಕ್ಕೆ 1964ರ ಆಗಸ್ಟ್ 7ರ ಪಟ್ಟಿಯಲ್ಲಿ ಎರಡು ಹೆಸರುಗಳ ಸಾಕ್ಷಿಯಿದೆ. ಇಂದು ಯಾವ ದೇಶದ ಯಾವ ಶಾಸಕನೇ ಆಗಲಿ ಅಧಿಕಾರಸ್ಥನ ವಿರುದ್ಧ ಗರ್ಜಿಸಿದನೆಂದು ಓದಿದಾಗ, ವಿದ್ಯಾರ್ಥಿಗಳು ಆ ಭಾಷಣವನ್ನು ಮೆಚ್ಚುವ ಮೊದಲು ಇನ್ನೊಂದು ಪುಟವನ್ನು ತಿರುವಿ ನೋಡುವ ಅಭ್ಯಾಸವನ್ನು ಬೆಳೆಸಿಕೊಳ್ಳಲಿ. ಅಂದು ಅವನ ಹೆಸರನ್ನು ಕೂಗಿದಾಗ ಅವನು ಏನೆಂದ?